ನವಿಲಿನ ದೊಡ್ಡ ಮನಸ್ಸು

ಸಿನಿಮಾ ಮುಗಿಯುವುದಕ್ಕೆ ಸ್ವಲ್ಪ ಮುಂಚೆಯೇ ಕಸ ಗುಡಿಸುವವರು ಬಂದು ಬಾಗಿಲ ಬಳಿ ನಿಲ್ಲಬೇಕು. ಕತ್ತಲಲ್ಲೇ ನಿಲ್ಲಬೇಕು. ಕೈಯಲ್ಲಿ ಪೊರಕೆ, ಕಸದ ಚೀಲ, ಒದ್ದೆ ಬಟ್ಟೆ. ದೀಪ ಹತ್ತಿದ ಮೇಲೆ ಜನ ಹೊರಗೆ ಹೋಗುವ ತನಕ ಗೋಡೆಗೆ ಅಂಟಿಕೊಂಡಿರಬೇಕು. ಯಾರ ಮುಖವನ್ನೂ ನೋಡಬಾರದು. ಜನ ಅಂತಲೂ ಅನ್ನಬಾರದು, ಗೆಸ್ಟು ಅನ್ನಬೇಕು. ಕೊನೆಯ ಗೆಸ್ಟು ಬಾಗಿಲು ದಾಟಿದ್ದೇ ತಡ, ಒಳಗೆ ನುಗ್ಗಬೇಕು. ಮುಂದಿನ ಆಟದವರು ಆಗಲೇ ಹೊರಗೆ ಸಾಲುಗಟ್ಟಿರುತ್ತಾರೆ.

ಹಾಗಾಗಿ ಅಳುಬುರುಕಿ ಯಾವ ಸಿನಿಮಾದ ಮೊದಲನ್ನೂ ಕಂಡವಳಲ್ಲ. ಕಂಡದ್ದೆಲ್ಲ ಬರೀ ಕೊನೆ. ಯಾರು ಯಾರನ್ನು ಯಾಕೆ ಕೊಂದರೋ ಗೊತ್ತಿಲ್ಲ, ಕೊನೆಗೆ ಜೈಲಿಗೆ ಹೋದದ್ದು ಗೊತ್ತು. ಯಾರಿಗೆ ಯಾರ ಮೇಲೆ ಹೇಗೆ ಪ್ರೀತಿಯಾಯಿತೋ ಗೊತ್ತಿಲ್ಲ, ಕೊನೆಗೆ ತಬ್ಬಿಕೊಂಡದ್ದು ಗೊತ್ತು. ತಲೆಬುಡ ತಿಳಿಯದಿದ್ದರೂ ತೆರೆಯ ಮೇಲೆ ಯಾರಾದರೂ ಅತ್ತರೆ ಸಾಕು, ಇವಳ ಕಣ್ಣಲ್ಲೂ ನೀರು. ಅದಕ್ಕೇ ಜೊತೆಯವರು ಇಟ್ಟ ಹೆಸರು ಅಳುಬುರುಕಿ. ಸೂಪರ್‌ವೈಸರ್ ಕೂಡ ಹಾಗೇ ಕರೆಯುತ್ತಿದ್ದ. ಮನೆಯಲ್ಲಿ ಇರುವುದು ಇವಳು ಮತ್ತು ಮಗಳು, ಇಬ್ಬರೇ. ಮಗಳು ದಿನಾ ಕಥೆ ಕೇಳುತ್ತಿದ್ದಳು. ಇವಳು ಕೊನೆಯನ್ನು ಹಿಡಿದುಕೊಂಡು ಮೊದಲನ್ನು ತಾನೇ ಕಟ್ಟಿ ಹೇಳುತ್ತಿದ್ದಳು.

ಈ ಸಲ ಬಂದದ್ದು ಕಾಗೆಗಳ ಸಿನಿಮಾ. ಕಾರ್ಟೂನು. ಮನೆಮಂದಿಯೆಲ್ಲ ಕೂತು ನೋಡುವಂಥದ್ದು ಅಂತ ಗೋಡೆ ತುಂಬ ಪೋಸ್ಟರು. ಹಕ್ಕಿಗಳದೊಂದು ಪಟ್ಟಣ, ನಡುವೆ ಒಂದು ಕಾರಂಜಿ. ಅದರ ಪಾಚಿ ಉಜ್ಜುವುದು ಕಾಗೆಗಳು. ಅದರ ನೀರು ಕುಡಿಯುವ ಹಾಗಿಲ್ಲದವೂ ಅವೇ. ಕೊನೆಯಲ್ಲಿ ಬಾಯಾರಿದ ಒಂದು ಕಾಗೆಮರಿ ಕಾರಂಜಿಯ ಕಟ್ಟೆ ಹತ್ತುತ್ತದೆ. ಹಕ್ಕಿಗಳೆಲ್ಲ ಉಸಿರು ಬಿಗಿಹಿಡಿಯುತ್ತವೆ. ಕಾರಂಜಿಯ ಯಜಮಾನ ನವಿಲು ಗರಿ ಮಡಚಿ, ಪಕ್ಕಕ್ಕೆ ಸರಿದು, “ಕುಡಿ ಮಗು” ಅನ್ನುತ್ತದೆ. ಮರಿ ಕುಡಿಯುತ್ತದೆ. ತೆರೆಯ ಮೇಲೂ ಚಪ್ಪಾಳೆ, ಕೆಳಗೂ ಚಪ್ಪಾಳೆ. ದೀಪ ಹತ್ತಿದಾಗ ಎಲ್ಲರ ಕೈಯಲ್ಲೂ ಕರವಸ್ತ್ರ.

ಬಾಗಿಲಾಚೆ ಮೈಕು ಹಿಡಿದ ಒಬ್ಬ ಹುಡುಗಿ, ಕ್ಯಾಮೆರಾ ಹೊತ್ತ ಒಬ್ಬ. ಸಿನಿಮಾದವರೇ ಕಳಿಸಿದ್ದು. ಹೊರಗೆ ಬಂದವರನ್ನೆಲ್ಲ ತಡೆದು, “ಹೇಗನ್ನಿಸ್ತು? ಹೇಗನ್ನಿಸ್ತು?” ಅಂತ ಕೇಳುವುದು ಅವರ ಕೆಲಸ.

“ಕಣ್ಣು ತೆರೆಸಿಬಿಡ್ತು ರೀ! ಮಕ್ಕಳಿಗೆ ತೋರಿಸಲೇಬೇಕಾದ ಸಿನಿಮಾ,” ಅಂದ ಒಬ್ಬ ಅಪ್ಪ. ಹೇಳುತ್ತ ಹೇಳುತ್ತಲೇ ಕೈಯಲ್ಲಿದ್ದ ಖಾಲಿ ಲೋಟವನ್ನು ಪಕ್ಕದ ಹೂಕುಂಡದೊಳಗೆ ಒತ್ತಿದ.

“ನಂಗೆ ನಮ್ಮನೆ ಕೆಲಸದವಳು ನೆನಪಾಗ್ಬಿಟ್ಲು. ಪಾಪ ಅನ್ನಿಸ್ತು,” ಅಂದಳು ಒಬ್ಬಾಕೆ.

“ಆ ನವಿಲು ನೋಡಿ! ಎಂಥಾ ದೊಡ್ಡ ಮನಸ್ಸು!”

ಎಲ್ಲರ ಬಾಯಲ್ಲೂ ನವಿಲೇ ನವಿಲು. ಕಟ್ಟೆ ಹತ್ತಿದ್ದು ಕಾಗೆಮರಿ ಅಲ್ಲವೇನ್ರಪ್ಪಾ ಅಂತ ಕೇಳುವವರಿಲ್ಲ.

ಒಳಗೆ ಹೋದರೆ ನೆಲ ಕಾಣುತ್ತಿರಲಿಲ್ಲ. ಪಾಪ್‌ಕಾರ್ನು, ಚೆಲ್ಲಿದ ಪಾನಕ, ಅದರ ಮೇಲೆ ತುಳಿದ ಹೆಜ್ಜೆ. ಕಣ್ಣೊರೆಸಿ ಎಸೆದ ಕಾಗದದ ಕರವಸ್ತ್ರಗಳ ರಾಶಿ. ಸೀಟಿನ ಕೆಳಗೆ ಮಗುವಿನ ಹೇಲಿನ ಡೈಪರು, ಮಡಚಿಯೂ ಇಲ್ಲ. ಸೀಟಿನ ಕೈಗೆ ಅಂಟಿಸಿದ ಚೂಯಿಂಗ್ ಗಮ್ಮನ್ನು ಉಗುರಿನಿಂದ ಕೆರೆಯಬೇಕು. ಬಗ್ಗಿದ ಸೊಂಟ ನೆಟ್ಟಗಾಗುವುದರೊಳಗೆ ಮುಂದಿನ ಆಟದ ಬಾಗಿಲು ತೆರೆದುಬಿಡುತ್ತಿದ್ದರು.

ಆ ಕೆಲಸಕ್ಕೆ ಅಳುಬುರುಕಿಯನ್ನು ಸೇರಿಸಿದವಳು ದೊಡ್ಡಮ್ಮ. ರಕ್ತಸಂಬಂಧವೇನಲ್ಲ. ಗುಡಿಸುವವರಲ್ಲೆಲ್ಲ ಹಿರಿಯಳು, ಎಲ್ಲರಿಗೂ ದೊಡ್ಡಮ್ಮ. ಮೇಲಿನ ಸಾಲಿಂದ ಕೆಳಕ್ಕೆ ಗುಡಿಸುತ್ತ ಬಾ, ಇಲ್ಲದಿದ್ದರೆ ಮೇಲಿನ ಕಸ ಮತ್ತೆ ನಿನ್ನ ತಲೆ ಮೇಲೇ ಬೀಳುತ್ತೆ ಅಂತ ಮೊದಲ ದಿನ ಹೇಳಿಕೊಟ್ಟವಳು ಅವಳು. ತನ್ನ ಡಬ್ಬಿಯ ಅರ್ಧ ಅನ್ನ ಇವಳ ಮುಚ್ಚಳಕ್ಕೆ ಹಾಕಿ, “ತಿನ್ನೇ, ಅತ್ತು ಅತ್ತು ಒಣಗಿಹೋಗಿದ್ದೀಯ,” ಅಂತ ಗದರಿದವಳೂ ಅವಳೇ.

ಇನ್ನೊಂದನ್ನೂ ಕಲಿಸಿದ್ದಳು. ನೀರು ಕುಡಿಯದೆ ಇರುವುದನ್ನು.

ಮೂರನೇ ಮಹಡಿಯಲ್ಲಿ, ಸಿನಿಮಾ ಬಾಗಿಲ ಎದುರಿಗೇ, ಗೆಸ್ಟುಗಳಿಗೆ ಶೌಚಾಲಯ ಇದೆ. ಬಿಳಿ ಕಲ್ಲು, ಗುಲಾಬಿ ಬಣ್ಣದ ಸೋಪಿನ ನೀರು, ಕೈ ಒಡ್ಡಿದರೆ ಬಿಸಿಗಾಳಿ. ಅದನ್ನು ದಿನವಿಡೀ ಉಜ್ಜುವುದು ಇವರು. ಇವರಿಗೆ ಬಂದರೆ ಮಾತ್ರ ಹಿಂದಿನ ಮೆಟ್ಟಿಲಿಳಿದು, ಸಾಮಾನಿನ ಕೋಣೆ ದಾಟಿ, ಕಾರು ನಿಲ್ಲಿಸುವ ನೆಲಮಾಳಿಗೆಗೆ ಹೋಗಬೇಕು. ಅಲ್ಲಿ ಒಂದು ಗೂಡು. ಚಿಲಕ ಮುರಿದಿದೆ. ನಲ್ಲಿಯಲ್ಲಿ ನೀರು ಬಂದರೆ ಬಂತು. ಒಬ್ಬಳು ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಕಾರು ಚಾಲಕರು ಆ ಕಡೆಯೇ ಬೀಡಿ ಸೇದುತ್ತ ಕೂತಿರುತ್ತಾರೆ. ಎರಡು ಆಟಗಳ ನಡುವೆ ಅಷ್ಟು ದೂರ ಹೋಗಿ ಬರಲು ಪುರುಸೊತ್ತೆಲ್ಲಿ? ಅದಕ್ಕೇ ಬೆಳಗ್ಗೆಯಿಂದ ಯಾರೂ ನೀರು ಮುಟ್ಟುತ್ತಿರಲಿಲ್ಲ. ತುಟಿ ಒಡೆಯುತ್ತಿತ್ತು. ಉಚ್ಚೆ ಉರಿಯುತ್ತಿತ್ತು. ಸಿನಿಮಾ ಚೆನ್ನಾಗಿ ಓಡಿದಷ್ಟೂ ಇವರ ಹೊಟ್ಟೆ ಕೆಳಗೆ ಕಲ್ಲು ಕಟ್ಟಿದ ಹಾಗೆ.

ಕಾಗೆಗಳ ಸಿನಿಮಾ ಭರ್ಜರಿಯಾಗಿ ಓಡಿತು.

ಒಂದು ದಿನ ಅಳುಬುರುಕಿಗೆ ತಡೆಯಲಾಗಲಿಲ್ಲ. ಬೆಳಗ್ಗೆಯಿಂದಲೇ ಒಳಗೆ ಕೊಳ್ಳಿ ಇಟ್ಟ ಹಾಗೆ ಉರಿ. ಆಟ ನಡೆಯುತ್ತಿತ್ತು. ಅವಳು ಮೂರನೇ ಮಹಡಿಯ ಶೌಚಾಲಯದ ನೆಲ ಒರೆಸುತ್ತಿದ್ದಳು. ಯಾರೂ ಇರಲಿಲ್ಲ. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೊನೆಯ ಬಾಗಿಲು ತಳ್ಳಿ ಒಳಗೆ ಹೋಗಿಬಿಟ್ಟಳು. ಕೂತ ಮೇಲೆ ಪಕ್ಕದ ಗೂಡಿಗೆ ಯಾರೋ ಬಂದರು. ಮಗುವಿನ ದನಿ, ತಾಯಿಯ ದನಿ. ಇವಳು ಉಸಿರು ಬಿಗಿಹಿಡಿದು ಕೂತಳು. ತಡೆದು ತಡೆದು ಬಿಟ್ಟಳು, ಸದ್ದಾಗಬಾರದು ಅಂತ. ಅವರಿಗಿಂತ ಮುಂಚೆ ಎದ್ದು, ಕೈ ತೊಳೆದು ಓಡಿದಳು. ತೊಳೆಯುವ ಗಡಿಬಿಡಿಯಲ್ಲಿ ಗುಲಾಬಿ ಸೋಪನ್ನೂ ಒತ್ತಿದ್ದಳು. ಅಷ್ಟೇ ಮಾಡಿದ್ದು.

ಗೂಡುಗಳ ನಡುವಿನ ಹಲಗೆ ನೆಲದವರೆಗೆ ಇರುವುದಿಲ್ಲ. ಆ ತಾಯಿಗೆ ಕೆಳಗಿಂದ ನೀಲಿ ರಬ್ಬರ್ ಬೂಟು ಕಂಡಿತ್ತು. ಗುಡಿಸುವವರೆಲ್ಲ ಹಾಕುವುದು ಅದನ್ನೇ.

ಆಕೆ ಆಟ ಪೂರ್ತಿ ನೋಡಿದಳು. ಹೊರಗೆ ಬಂದು ಮೈಕಿನ ಮುಂದೆ ನಿಂತು, “ಭೇದಭಾವ ಎಷ್ಟು ಕೆಟ್ಟದ್ದು ಅಂತ ನನ್ನ ಮಗಳಿಗೆ ಇವತ್ತು ಅರ್ಥ ಆಯ್ತು,” ಅಂದಳು. ಕಣ್ಣಂಚು ಒರೆಸಿಕೊಂಡಳು. ನಂತರ ಮ್ಯಾನೇಜರನ್ನು ಕರೆಸಿ, “ನಾವು ಕೂರೋ ಕಡೆ ಅವರೂ ಬಂದು ಕೂರ್ತಾರಲ್ಲ, ಏನ್ರೀ ಇದು? ಇಷ್ಟು ದುಡ್ಡು ಕೊಟ್ಟು ಬರೋದು ಇದಕ್ಕಾ?” ಅಂದಳು. ಗೋಡೆಗೆ ಅಂಟಿ ನಿಂತಿದ್ದ ಅಳುಬುರುಕಿಗೆ ಎರಡೂ ಕೇಳಿಸಿತು.

ಸೂಪರ್‌ವೈಸರ್ ಎಲ್ಲರನ್ನೂ ಹಿಂದಿನ ಓಣಿಯಲ್ಲಿ ಬಕೆಟುಗಳ ಪಕ್ಕ ಸಾಲಾಗಿ ನಿಲ್ಲಿಸಿದ.

“ಯಾರು ಹೋಗಿದ್ದು?”

ಎಲ್ಲರೂ ನೆಲ ನೋಡಿದರು. ಅಳುಬುರುಕಿಯೂ ನೆಲ ನೋಡಿದಳು.

“ನಾನೇ ಹೇಳಲಾ?” ಅವನು ದೊಡ್ಡಮ್ಮನ ಮುಂದೆ ಹೋಗಿ ನಿಂತ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಪದೇ ಪದೇ ಕೆಳಗೆ ಓಡುತ್ತಾಳೆ ಅಂತ ಮೊದಲೇ ಬೈಸಿಕೊಂಡಿದ್ದಳು. “ಇವತ್ತು ಮೆಟ್ಟಿಲಿಳಿಯೋಕೆ ಸೋಮಾರಿತನ ಬಂತಾ ಮುದುಕಿ?”

“ನಾನು ಹೋಗ್ಲಿಲ್ಲ ಸಾರ್. ನನ್ನ ಕಣ್ಣಾಣೆ ಹೋಗ್ಲಿಲ್ಲ.”

“ಮತ್ತೆ ನಿಮ್ಮಜ್ಜಿ ಹೋದ್ಲಾ?”

ಒಬ್ಬಿಬ್ಬರು ನಕ್ಕರು. ಹೆದರಿಕೆಗೆ ನಕ್ಕರು. ದೊಡ್ಡಮ್ಮನ ಪಕ್ಕದಲ್ಲೇ ಅಳುಬುರುಕಿ ನಿಂತಿದ್ದಳು. ಭುಜಕ್ಕೆ ಭುಜ ತಾಗುತ್ತಿತ್ತು. ಬಾಯಿ ತೆರೆದರೆ ಸಾಕಿತ್ತು. ಒಂದೇ ಒಂದು ಮಾತು. ಆ ಮಾತು ಗಂಟಲವರೆಗೆ ಬಂತು. ಮಗಳ ಶಾಲೆ ನೆನಪಾಯಿತು, ಮನೆ ಬಾಡಿಗೆ ನೆನಪಾಯಿತು, ಮಾತು ವಾಪಸು ಹೋಯಿತು. ಯಾವತ್ತೂ ತೊಟ್ಟಿಕ್ಕುವ ಕಣ್ಣು ಅವತ್ತು ಒಣಗಿಕೊಂಡೇ ಇತ್ತು.

“ಬಿಚ್ಚು,” ಅಂದ ಸೂಪರ್‌ವೈಸರ್.

ಏಪ್ರನ್ನೂ ಬೂಟೂ ಕಂಪನಿಯದು. ದೊಡ್ಡಮ್ಮ ಏಪ್ರನ್ನು ಬಿಚ್ಚಿದಳು. ಮಡಚಿದಳು. ಸರಿಯಾಗಲಿಲ್ಲವೇನೋ ಅನ್ನುವಂತೆ ಬಿಡಿಸಿ, ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಚಿದಳು. ಬೂಟು ಕಳಚಿಟ್ಟಳು. ಅವಳ ಚಪ್ಪಲಿ ನೆಲಮಾಳಿಗೆಯಲ್ಲಿತ್ತು. ಊದಿದ ಬರಿಗಾಲಲ್ಲಿ ಒದ್ದೆ ಓಣಿ ದಾಟಿ ಮೆಟ್ಟಿಲಿಳಿದು ಹೋದಳು. ಒಂದೊಂದು ಮೆಟ್ಟಿಲಿಗೂ ಕಂಬಿ ಹಿಡಿದುಕೊಳ್ಳುತ್ತಿದ್ದಳು. ಯಾರೂ ಹಿಂದೆ ಹೋಗಲಿಲ್ಲ. ಮುಂದಿನ ಆಟದ ಬಾಗಿಲು ತೆರೆಯುವ ಹೊತ್ತಾಗಿತ್ತು.

ಅವತ್ತಿನಿಂದ ದೊಡ್ಡಮ್ಮನ ಸಾಲುಗಳನ್ನೂ ಅಳುಬುರುಕಿಯೇ ಗುಡಿಸಿದಳು. ಯಾರೂ ಹೇಳಿರಲಿಲ್ಲ. ಸೊಂಟ ಬಿದ್ದುಹೋಗಲಿ ಅನ್ನುವ ಹಟದಿಂದ ಗುಡಿಸಿದಳು. ಅದರಿಂದ ದೊಡ್ಡಮ್ಮನಿಗೆ ಏನು ಬಂತು? ಮಣ್ಣು ಬಂತು! ಮನೆಗೆ ಹೋದರೆ, ದೊಡ್ಡಮ್ಮನನ್ನು ಅಜ್ಜಿ ಅನ್ನುವ ಮಗಳು, “ಅಜ್ಜಿ ಯಾಕಮ್ಮ ಬರ್ತಾನೇ ಇಲ್ಲ?” ಅಂತ ಕೇಳುತ್ತಿದ್ದಳು. ಊರಿಗೆ ಹೋಗಿದ್ದಾಳೆ ಅಂದಳು. ಯಾವೂರಿಗೆ ಅಂದರೆ ಸಿಡುಕಿದಳು. ದೊಡ್ಡಮ್ಮನ ಮನೆ ಎರಡು ಬೀದಿ ಆಚೆ. ಆ ಬೀದಿಯನ್ನೇ ತಪ್ಪಿಸಿ ಸುತ್ತು ಹಾಕಿ ಕೆಲಸಕ್ಕೆ ಹೋಗತೊಡಗಿದಳು. ಅನ್ನ ಕಲಸುವಾಗ ಕೈಯಿಂದ ಗುಲಾಬಿ ಸೋಪಿನ ವಾಸನೆ ಬಂದಂತಾಗುತ್ತಿತ್ತು. ಎಂದೋ ಹೋದ ವಾಸನೆ, ಆದರೂ ಕೈ ತೊಳೆದು ಬರುತ್ತಿದ್ದಳು.

ಹೀಗಿರುವಾಗ ಮ್ಯಾನೇಜರಿಗೆ ಒಂದು ಯೋಚನೆ ಬಂತು. ಅಥವಾ ಸಿನಿಮಾದವರಿಗೆ ಬಂತೋ. ಕಸ ಗುಡಿಸುವವರಿಗೇ ಈ ಸಿನಿಮಾ ತೋರಿಸುವುದು. ಮನೆಯವರನ್ನೂ ಕರೆಸುವುದು. ಅವರಿಗೆ ಹೇಗನ್ನಿಸಿತು ಅಂತ ಚಿತ್ರೀಕರಿಸಿ ಎಲ್ಲ ಕಡೆ ಹಾಕುವುದು.

“ಅವತ್ತು ನೀವೇ ಗೆಸ್ಟುಗಳು,” ಅಂದ ಸೂಪರ್‌ವೈಸರ್. “ಏಪ್ರನ್ನು, ಬೂಟು ಹಾಕ್ಕೊಂಡೇ ಬನ್ನಿ. ಇಲ್ದಿದ್ರೆ ನೀವು ಯಾರು ಅಂತ ಗೊತ್ತಾಗಲ್ಲ.” ಆಮೇಲೆ ಅಳುಬುರುಕಿಯ ಕಡೆ ತಿರುಗಿದ. “ನೀನು ಮಾತಾಡು. ಹೇಗಿದ್ರೂ ಅಳ್ತೀಯ, ಚೆನ್ನಾಗಿ ಬರುತ್ತೆ. ಇಲ್ಲಿ ನಮ್ಮನ್ನ ಮನೆಯವರ ಥರ ನೋಡ್ಕೋತಾರೆ ಅನ್ನು. ಸಾಕು.”

ಅವಳು ಹೂಂ ಅಂದಳು. ನಾಚಿಕೆಗೆಟ್ಟು ಹೂಂ ಅಂದಳು. ಮಗಳು ಆ ಸಿನಿಮಾಕ್ಕಾಗಿ ಎಷ್ಟೋ ದಿನದಿಂದ ಜೀವ ತಿನ್ನುತ್ತಿದ್ದಳು.

ಬೆಳಗ್ಗೆ, ಮೊದಲ ಆಟಕ್ಕೂ ಮುಂಚೆ ಕೂರಿಸಿದರು. ಮಕ್ಕಳ ಕೈಗೆ ಒಂದೊಂದು ಪೊಟ್ಟಣ ಪಾಪ್‌ಕಾರ್ನು, ಒಂದೊಂದು ದೊಡ್ಡ ಲೋಟ ತಂಪು ಪಾನೀಯ. ಅದನ್ನು ಕೊಡುವುದನ್ನೂ ಚಿತ್ರೀಕರಿಸಿದರು. ಮಗಳು ಹಳದಿ ಫ್ರಾಕು ಹಾಕಿಕೊಂಡು ಬಂದಿದ್ದಳು. ಸೀಟಿನ ಅಂಚಿಗೆ ಕೂತು ಕಾಲು ಅಲ್ಲಾಡಿಸುತ್ತ, ಲೋಟದ ತಳ ಕಾಣುವ ತನಕ ಹೀರಿದಳು. ಅಳುಬುರುಕಿ ಜೀವನದಲ್ಲಿ ಮೊದಲ ಸಲ ಒಂದು ಸಿನಿಮಾದ ಮೊದಲನ್ನು ನೋಡಿದಳು. ಬೆಳಗಿನ ಜಾವ ಕಾಗೆಗಳು ಹಿಂಡು ಹಿಂಡಾಗಿ ಕಾರಂಜಿಗೆ ಇಳಿದು ಪಾಚಿ ಕೆರೆಯುತ್ತಿದ್ದವು. ಕಸದ ನಡುವೆ ಹಾಡು, ಕುಣಿತ. ಕೊಕ್ಕಿನಲ್ಲಿ ಪೊರಕೆ. ಎಷ್ಟು ಚೆಂದ! ಒಂದು ಕಾಗೆಗೂ ಸೊಂಟ ನೋವಿರಲಿಲ್ಲ.

“ಅಮ್ಮಾ, ನೀನು ಹೇಳಿದ ಥರ ಇಲ್ವಲ್ಲ ಕಥೆ,” ಅಂದಳು ಮಗಳು.

“ಸುಮ್ನೆ ನೋಡೇ.”

ಸ್ವಲ್ಪ ಹೊತ್ತಿಗೆ ಮಗಳು ತೋಳು ಜಗ್ಗಿದಳು. “ಅಮ್ಮಾ, ಒಂದಕ್ಕೆ.”

“ತಡ್ಕೊಳ್ಳೇ ಪುಟ್ಟಿ.”

“ಆಗಲ್ಲಮ್ಮ.”

ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಸೂಪರ್‌ವೈಸರ್ ಬಾಗಿಲಲ್ಲೇ ಇದ್ದ. ಎದುರಿಗೇ ಶೌಚಾಲಯ. ಅವಳು ಅತ್ತ ನೋಡಿದ್ದನ್ನು ಅವನು ನೋಡಿದ.

“ಕೆಳಗೆ,” ಅಂದ.

“ಸಾರ್, ಮಗು ಸಾರ್.”

“ಮಗು ಆದ್ರೇನು? ಈಗ್ತಾನೆ ತೊಳ್ಸಿದೀನಿ. ಇನ್ನೇನು ಗೆಸ್ಟುಗಳು ಬರೋ ಹೊತ್ತು.”

“ಇವತ್ತು ನಾವೇ ಗೆಸ್ಟು ಅಂದ್ರಲ್ಲಾ ಸಾರ್...”

“ಬಾಯಿ ಬಂತಾ ನಿಂಗೆ? ಸೀಟು ಕೊಟ್ಟಿದೀವಿ, ತಲೆ ಮೇಲೆ ಕೂರ್ಸ್ಕೊಂಡಿಲ್ಲ. ನಡಿ ಕೆಳಗೆ.”

ಅವಳು ನಡೆದಳು. ಹೌದು, ನಡೆದಳು. ಕಾಲು ತಾನಾಗಿಯೇ ಹಿಂದಿನ ಮೆಟ್ಟಿಲ ಕಡೆ ಹೋಯಿತು. ವರ್ಷಗಟ್ಟಲೆ ಕಲಿತ ಕಾಲು. ಮಗಳು ತೊಡೆ ಬಿಗಿಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತ, “ಇನ್ನೂ ಎಷ್ಟು ದೂರ? ಇನ್ನೂ ಎಷ್ಟು ದೂರ?” ಅನ್ನುತ್ತಿದ್ದಳು. “ಬಂತು, ಬಂತು” ಅನ್ನುತ್ತಿದ್ದಳು ಇವಳು. ಮೆಟ್ಟಿಲು ತಿರುಗುವಲ್ಲಿ ಮಗಳು ನಿಂತುಬಿಟ್ಟಳು. ಕಂಬಿ ಹಿಡಿದುಕೊಂಡಳು. ಹಳದಿ ಫ್ರಾಕು ಕೆಳಗಿಂದ ಕಪ್ಪಾಗುತ್ತ ಬಂತು. ಕಾಲಿನ ಮೇಲೆ ಇಳಿದು ಮೆಟ್ಟಿಲಿಂದ ಮೆಟ್ಟಿಲಿಗೆ ಹರಿಯಿತು.

ಮಗಳು ಅಳಲಿಲ್ಲ. ಅಮ್ಮನ ಮುಖವನ್ನೇ ನೋಡಿದಳು.

“ಯಾರಿಗೂ ಹೇಳ್ಬೇಡಮ್ಮ,” ಅಂದಳು.

ಅಳುಬುರುಕಿ ಅಲ್ಲೇ ಕುಸಿದು ಕೂತಳು. ದೊಡ್ಡಮ್ಮ ಬರಿಗಾಲಲ್ಲಿ ಇಳಿದದ್ದು ಇದೇ ಮೆಟ್ಟಿಲು. ಹಿಡಿದದ್ದು ಇದೇ ಕಂಬಿ. ಅವತ್ತು ಬಾಯಿ ಮುಚ್ಚಿಕೊಂಡದ್ದು ಮಗಳಿಗಾಗಿ ಅಂತ ತಾನೇ ತನಗೆ ಹೇಳಿಕೊಂಡು ಬಂದಿದ್ದಳು. ಥೂ! ಮಗಳಿಗೆ ಸಿಕ್ಕಿದ್ದು ಇದು. ಅಭ್ಯಾಸದ ಕೈ ಒದ್ದೆ ಬಟ್ಟೆಗಾಗಿ ಏಪ್ರನ್ನಿನ ಜೇಬಿಗೆ ಹೋಯಿತು. ಮಗಳ ಉಚ್ಚೆಯನ್ನು ಒರೆಸಿ ಮೆಟ್ಟಿಲು ಚೊಕ್ಕ ಮಾಡಲು ಹೊರಟಿತ್ತು ಆ ಕೈ! ಅವಳು ಬಟ್ಟೆಯನ್ನು ಮೂಲೆಗೆ ಎಸೆದಳು. ಎದ್ದಳು. ಮಗಳನ್ನು ಹಾಗೇ, ಒದ್ದೆಯಲ್ಲೇ, ಸೊಂಟಕ್ಕೆ ಏರಿಸಿಕೊಂಡು ಮೇಲೆ ಹತ್ತಿದಳು.

“ಏಯ್, ಎಲ್ಲಿಗೆ?” ಅಂದ ಸೂಪರ್‌ವೈಸರ್.

ಅವಳು ತಿರುಗಲಿಲ್ಲ. ಬಿಳಿ ಕಲ್ಲಿನ ಶೌಚಾಲಯದೊಳಗೆ ಹೋಗಿ ಮಗಳನ್ನು ಕೈ ತೊಳೆಯುವ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ನಿಲ್ಲಿಸಿದಳು. ಫ್ರಾಕು ಬಿಚ್ಚಿದಳು. ನಲ್ಲಿ ತಿರುಗಿಸಿ, ಗುಲಾಬಿ ಸೋಪನ್ನು ಒತ್ತಿ ಒತ್ತಿ ಕಾಲು ತೊಳೆದಳು, ತೊಡೆ ತೊಳೆದಳು. ಫ್ರಾಕು ಹಿಂಡಿ ಬಿಸಿಗಾಳಿಗೆ ಹಿಡಿದಳು. ಹೊರಗೆ ಅವನು ಬಾಗಿಲು ಬಡಿಯುತ್ತಿದ್ದ. ಹೆಂಗಸರ ಕಡೆ ಬರಲಾರ, ಬಡಿಯುವುದೊಂದೇ ಅವನಿಗೆ ಉಳಿದದ್ದು. ಮಗಳು ಹೆದರಿ, “ಅಮ್ಮಾ ಬೈತಾರೆ, ಹೋಗೋಣ,” ಅಂದಳು.

“ಬೈಲಿ. ಇನ್ನೊಂದ್ಸಲ ಬಂದ್ರೆ ಇಲ್ಲೇ ಹೋಗು.”

“ಈಗ ಬರಲ್ಲಮ್ಮ. ಆಗ್ಲೇ ಆಯ್ತಲ್ಲ.”

ಅವಳು ಅರೆ ಒಣಗಿದ ಫ್ರಾಕನ್ನು ಮಗಳಿಗೆ ತೊಡಿಸಿದಳು.

ಹೊರಗೆ ಬರುವಷ್ಟರಲ್ಲಿ ಸಿನಿಮಾ ಮುಗಿದಿತ್ತು. ಜೊತೆಯವರು ಬಾಗಿಲಲ್ಲಿ ನಿಂತಿದ್ದರು. ಅವರ ಮುಂದೆ ಸೂಪರ್‌ವೈಸರ್ ಹಲ್ಲು ಕಚ್ಚಿಕೊಂಡು ನಿಂತಿದ್ದ. ಕ್ಯಾಮೆರಾ ಇತ್ತಲ್ಲ, ಬೈಯುವಂತಿಲ್ಲ. ಮೈಕಿನ ಹುಡುಗಿ ನಗುತ್ತ ಬಂದಳು. ಪಾಪ, ಅವಳಿಗೇನೂ ಗೊತ್ತಿಲ್ಲ.

“ಅಮ್ಮಾ, ಸಿನಿಮಾ ನೋಡಿ ಹೇಗನ್ನಿಸ್ತು?”

“ಪೂರ್ತಿ ನೋಡ್ಲಿಲ್ಲ.”

“ಅಯ್ಯೋ! ಯಾಕಮ್ಮ?”

“ಮಗಳಿಗೆ ಒಂದಕ್ಕೆ ಬಂತು. ಇಲ್ಲಿ ಹೋಗ್ಬಾರದು, ಕೆಳಗೆ ಹೋಗು ಅಂದ್ರು. ಮೆಟ್ಟಿಲ ಮೇಲೆ ಉಚ್ಚೆ ಹೊಯ್ಕೊಂಡ್ಲು.”

ಕ್ಯಾಮೆರಾದವನು ಕಣ್ಣು ಎತ್ತಿ ನೋಡಿದ. ಹುಡುಗಿಯ ನಗು ಅರ್ಧದಲ್ಲೇ ನಿಂತಿತು. “ಅಮ್ಮಾ, ಅದಲ್ಲ... ಸಿನಿಮಾ ಬಗ್ಗೆ ಹೇಳಿ.”

“ಸಿನಿಮಾ ಬಗ್ಗೇನೇ ಹೇಳ್ತಿದೀನಿ. ನಾವು ಬೆಳಗ್ಗೆಯಿಂದ ನೀರು ಕುಡಿಯಲ್ಲ. ಯಾಕೆ ಅಂದ್ರೆ ಹೋಗೋಕೆ ಜಾಗ ಇಲ್ಲ. ದಿನಾ ಉಜ್ಜೋದು ನಾವೇ, ಹೋಗ್ಬಾರದವರೂ ನಾವೇ. ಆವತ್ತು ತಡೀಲಾರದೆ ಒಬ್ಬಳು ಹೋದ್ಲು. ದೊಡ್ಡಮ್ಮನ್ನ ಕೆಲಸದಿಂದ ತೆಗೆದ್ರು. ಹೋದವಳು ದೊಡ್ಡಮ್ಮ ಅಲ್ಲ. ನಾನು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ.”

“ಆಫ್ ಮಾಡ್ರೀ ಅದನ್ನ!” ಸೂಪರ್‌ವೈಸರ್ ಕ್ಯಾಮೆರಾಕ್ಕೆ ಅಡ್ಡ ಬಂದ.

ಕ್ಯಾಮೆರಾದ ಕೆಂಪು ದೀಪ ಆರಿತು. ಅವಳು ನಿಲ್ಲಿಸಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದಳು. ಈಗ ಜೊತೆಯವರ ಕಡೆ ತಿರುಗಿ ಹೇಳಿದಳು. ಅವರು ನೆಲ ನೋಡಿದರು. ಆವತ್ತು ತಾನು ನೆಲ ನೋಡಿದ ಹಾಗೇ ನೋಡಿದರು. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಏಪ್ರನ್ನು ಬಿಚ್ಚಿ ಮಡಚದೆ ಕೆಳಗೆ ಹಾಕಿದಳು. ಬೂಟು ಕಳಚಿದಳು. ಹಿಂದಿನ ಮೆಟ್ಟಿಲಿಗೆ ಹೋಗಲಿಲ್ಲ. ಗೆಸ್ಟುಗಳು ಇಳಿಯುವ ಚಲಿಸುವ ಮೆಟ್ಟಿಲ ಮೇಲೆ, ಮಗಳ ಕೈ ಹಿಡಿದು, ಬರಿಗಾಲಲ್ಲೇ ಇಳಿದಳು.

ದೊಡ್ಡಮ್ಮ ಮನೆ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಹೋಟೆಲಿನವರು ಮೂಟೆ ಕೊಟ್ಟು ಹೋಗುತ್ತಾರೆ, ಬಿಡಿಸಿಕೊಟ್ಟರೆ ಕೂಲಿ. ಉಗುರಿನ ಸಂದಿಯೆಲ್ಲ ಸುಟ್ಟು ಬಿರಿದಿತ್ತು. ತಲೆ ಎತ್ತಿ ಇಬ್ಬರನ್ನೂ ನೋಡಿದಳು, ಬರಿಗಾಲನ್ನೂ ನೋಡಿದಳು. ಒಳಗೆ ಬಾ ಅನ್ನಲಿಲ್ಲ.

ಅಳುಬುರುಕಿ ನಿಂತೇ ಹೇಳಿದಳು. “ದೊಡ್ಡಮ್ಮ, ಆವತ್ತು ಹೋಗಿದ್ದು ನಾನು.”

“ಗೊತ್ತು.”

“ಗೊತ್ತಾ?”

“ಪಕ್ಕದಲ್ಲೇ ನಿಂತಿದ್ದೆಯಲ್ಲೇ. ಕೈಯಿಂದ ಸೋಪು ಘಮ್ಮಂತಿತ್ತು. ನಮ್ಮ ಕೈ ಫಿನಾಯಿಲ್ ವಾಸನೆ ಬಿಟ್ಟು ಯಾವತ್ತು ಘಮ್ಮಂದಿತ್ತು?”

“ಮತ್ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತೀಯ ಅಂತ ಕಾದೆ.” ದೊಡ್ಡಮ್ಮ ಒಂದು ಎಸಳಿನ ಸಿಪ್ಪೆ ಎಳೆದಳು. “ಏಪ್ರನ್ನು ಮಡಚಿದೆ. ನೀನು ಬಾಯಿ ಬಿಡ್ಲಿಲ್ಲ. ಬಿಚ್ಚಿ ಇನ್ನೊಂದ್ಸಲ ಮಡಚಿದೆ. ಆಗ್ಲೂ ಬಿಡ್ಲಿಲ್ಲ. ಅದನ್ನ ಇನ್ನೆಷ್ಟು ಸಲ ಮಡಚ್ಲಿ?”

ಅಳುಬುರುಕಿಯ ಕಣ್ಣಿಂದ ಆವತ್ತಿನಿಂದ ಕಟ್ಟಿಕೊಂಡಿದ್ದೆಲ್ಲ ಧಾರೆಯಾಗಿ ಇಳಿಯಿತು.

“ನಾನೂ ಏನು ಭಾರಿ ಗಟ್ಟಿಗಿತ್ತಿ ಅಲ್ಲ ಬಿಡು,” ಅಂದಳು ದೊಡ್ಡಮ್ಮ. “ಹೋಗ್ಲಿಲ್ಲ ಅಂತ ಕಣ್ಣಾಣೆ ಹಾಕ್ದೆ. ಹೋಗೋದೇ ಕಳ್ಳತನ ಅನ್ನೋ ಹಾಗೆ. ಹೋದ್ರೆ ಏನೋ ಅಂತ ಕೇಳ್ಬೇಕಿತ್ತು ನಾನು. ಅದು ದಿನಾ ನನ್ನ ಸುಡುತ್ತೆ, ಈ ಬೆಳ್ಳುಳ್ಳಿಗಿಂತ ಜಾಸ್ತಿ.”

“ಕ್ಷಮಿಸಿಬಿಡು ದೊಡ್ಡಮ್ಮ. ನಿಂಗೆ ದೊಡ್ಡ ಮನಸ್ಸು.”

ದೊಡ್ಡಮ್ಮನ ಕೈ ನಿಂತಿತು. ಆ ಸಿನಿಮಾದ ಕೊನೆಯನ್ನು ಅವಳೂ ಬಾಗಿಲ ಬಳಿ ನಿಂತು ಎಷ್ಟೋ ಸಲ ನೋಡಿದ್ದವಳೇ.

“ನಾನು ನವಿಲಲ್ಲ ಕಣೇ,” ಅಂದಳು. “ನಂಗೆ ದೊಡ್ಡ ಮನಸ್ಸಿಲ್ಲ. ಕ್ಷಮಿಸಲ್ಲ. ನಾನು ಕ್ಷಮಿಸಿದ್ರೆ ನಿಂಗೆ ಹಗುರ ಆಗುತ್ತೆ, ಮನೆಗೆ ಹೋಗಿ ನಿದ್ದೆ ಮಾಡ್ತೀಯ. ಬೇಡ. ಹೊತ್ಕೊಂಡೇ ಇರು. ನಾಳೆ ಬೆಳಗ್ಗೆ ಜೊತೆಯವರು ಕೆಲಸಕ್ಕೆ ಹೋಗೋ ಹೊತ್ತಿಗೆ ಗೇಟಿನ ಹತ್ರ ನಿಂತ್ಕೊಳ್ಳೋಣ. ಒಬ್ಬೊಬ್ಬರಿಗೂ ಹೇಳ್ಬೇಕು, ಆ ಮೇಲಿನ ಶೌಚಾಲಯದ ಬಾಗಿಲು ನಮಗೂ ತೆಗೆಯೋ ತನಕ ಯಾರೂ ಪೊರಕೆ ಮುಟ್ಬಾರದು ಅಂತ. ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ.”

“ಕೇಳ್ತಾರಾ?”

“ನಂಗೇನು ಗೊತ್ತು? ಕೂತ್ಕೋ. ಬಿಡಿಸು.”

ಬೆಳ್ಳುಳ್ಳಿಯ ಬುಟ್ಟಿಯನ್ನು ಇವಳ ಕಡೆ ನೂಕಿದಳು. ಅಳುಬುರುಕಿ ಹೊಸ್ತಿಲ ಹೊರಗೇ ಕೂತಳು. ದೊಡ್ಡಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋಗಿ, ಒಂದು ಲೋಟ ನೀರು ತಂದು ಮಗುವಿನ ಕೈಗೆ ಕೊಟ್ಟಳು. “ಬಿಸಿಲಲ್ಲಿ ಬಂದಿದೀಯ ಪುಟ್ಟಿ. ಕುಡಿ.”

“ಬೇಡ ಅಜ್ಜಿ,” ಅಂದಳು ಮಗಳು. “ಒಂದಕ್ಕೆ ಬರುತ್ತೆ.”

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಇಲ್ಲೇ ಹಿಂದೆ ಇದೆ ಕಣೇ, ಹೋದ್ರಾಯ್ತು. ಕುಡಿ,” ಅಂದಳು ದೊಡ್ಡಮ್ಮ.

ಮಗಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದಳು. ಫ್ರಾಕಿನ ಅಂಚು ಇನ್ನೂ ಒದ್ದೆ.

“ಅಮ್ಮಾ, ನಾವು ಕೊನೆ ನೋಡಲೇ ಇಲ್ಲ. ಆ ಕಾಗೆಮರಿ ಆಮೇಲೆ ನೀರು ಕುಡೀತಾ?”

ಆ ಕೊನೆ ಅಳುಬುರುಕಿಗೆ ಬಾಯಿಪಾಠ. ಚಪ್ಪಾಳೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದೂ ಗೊತ್ತು. ಅವಳು ಮಗಳ ಕೈಯಲ್ಲಿದ್ದ ತುಂಬಿದ ಲೋಟವನ್ನೇ ನೋಡಿದಳು.

“ಇನ್ನೂ ಇಲ್ಲ ಪುಟ್ಟಿ,” ಅಂದಳು.